ಚಿತ್ರ ಬರೆದರೆ ಹೊಟ್ಟೆ ತುಂಬೀತೆ?

ಮಗಳ ಪಿ.ಯು.ಸಿ. ಫಲಿತಾಂಶ ಬಂದ ದಿನ ಪೇಢೆಯ ಪೊಟ್ಟಣ ಬಿಚ್ಚುವ ಮೊದಲೇ ನಮ್ಮ ಮನೆಯಲ್ಲಿ ಜಗಳ ಶುರುವಾಯಿತು. "ಅವ್ವಾ, ನಾ ಬಿ.ಕಾಂ. ಮಾಡಂಗಿಲ್ಲ, ಗ್ರಾಫಿಕ್ ಡಿಸೈನ್ ಕಲೀತೀನಿ" ಎಂದಳು. ಇವರು ಪೇಪರಿನಿಂದ ತಲೆ ಎತ್ತಲೇ ಇಲ್ಲ. ಅಕ್ಕಿ ಹಸನು ಮಾಡುತ್ತ ಕೂತಿದ್ದ ಅತ್ತೆಯವರು, "ಚಿತ್ರಾ ಬರದ್ರ ಹೊಟ್ಟಿ ತುಂಬತದೇನ ಯವ್ವಾ?" ಎಂದು ಕೇಳಿಯೇ ಬಿಟ್ಟರು. ಎಸ್.ಎಸ್.ಎಲ್.ಸಿ. ತನಕ ಓದಿದ ನನಗೆ ಯಾರ ಪರ ಮಾತಾಡಬೇಕೋ ತಿಳಿಯಲಿಲ್ಲ. ಚಹಾ ಇಡುವ ನೆಪ ಮಾಡಿ ಒಳಗೆ ಹೋದೆ.

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಮಾತು ಬಂದಿರಬಹುದು. ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿ ನೋಡಿದರೂ ಡಿಸೈನ್, ಡಿಜಿಟಲ್ ಮೀಡಿಯಾ ಎಂಬ ಜಾಹೀರಾತು. ಅಲ್ಲಿ ಏನು ಕಲಿಸುತ್ತಾರೆಂದು ಮಾತ್ರ ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಪೆಟ್ಟು ತಿಂದು ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹಾಳಾದ ೨೦೦ ಪತ್ರಿಕೆಗಳು

ರಜೆಯಲ್ಲಿ ಅವಳನ್ನು ಎರಡು ತಿಂಗಳ ಕಂಪ್ಯೂಟರ್ ಕ್ಲಾಸಿಗೆ ಹಾಕಿದೆವು. ನಾನು ಹೊಲಿಗೆಯಿಂದ ಕೂಡಿಟ್ಟ ಹಣವೇ ಫೀಸಿಗೆ ಹೋಯಿತು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದಷ್ಟೇ ಅಲ್ಲಿ ಕಲಿಸಿದರು. ಅಷ್ಟರಲ್ಲಿ ಇವರನ್ನು ಒಪ್ಪಿಸಿ, ಡಿಸೈನ್ ವಿಷಯವಿರುವ ಪದವಿಗೂ ಸೇರಿಸಿಯಾಗಿತ್ತು.

ಶ್ರಾವಣದಲ್ಲಿ ನಮ್ಮ ಮಹಿಳಾ ಮಂಡಳದ ಅರಿಷಿಣ-ಕುಂಕುಮಕ್ಕೆ ಆಮಂತ್ರಣ ಪತ್ರಿಕೆ ಅವಳೇ ಮಾಡಿಕೊಟ್ಟಳು. ಮೊಬೈಲಿನಲ್ಲಿ ನೋಡಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅಚ್ಚಾಗಿ ಬಂದಾಗ ನೋಡಿದರೆ ಲಕ್ಷ್ಮಿಯ ಮುಖ ಮಸುಕು, ಎಳೆಹಸಿರು ಹೋಗಿ ಕೆಸರಿನ ಬಣ್ಣ, ಒಂದು ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂತಿವೆ! ೨೦೦ ಪತ್ರಿಕೆಗಳು ರದ್ದಿಗೆ ಹೋದವು. ಅಚ್ಚಿನ ಖರ್ಚು ನಾವೇ ತುಂಬಿಕೊಟ್ಟೆವು. ಮಗಳು ಸರಿಯಾಗಿ ಊಟ ಮಾಡದೆ, "ನಂಗ ಇದು ಬರಂಗಿಲ್ಲ ಬಿಡವ್ವಾ" ಎಂದು ಮೂಲೆ ಹಿಡಿದಳು.

ಕಾಲೇಜಿನ ಅಧ್ಯಾಪಕಿ ನಗಲಿಲ್ಲ. ಹಾಳಾದ ಪತ್ರಿಕೆಯನ್ನೇ ತರಿಸಿ ಅದನ್ನೇ ಪಾಠ ಮಾಡಿದರಂತೆ. ಮಗಳು ಮನೆಗೆ ಬಂದು ನನಗೆ ಹೇಳಿದ್ದು ಹೀಗೆ:

ಮೊಬೈಲಿನ ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ. ಅಚ್ಚಿಗೆ ಸಾಮಾನ್ಯವಾಗಿ ಬಳಸುವುದು ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳನ್ನು. ಬೆಳಕಿನಲ್ಲಿ ಹೊಳೆಯುವ ಎಲ್ಲ ಬಣ್ಣವೂ ಶಾಯಿಯಲ್ಲಿ ಬರುವುದಿಲ್ಲ. ಇನ್ನು, ಚೆನ್ನಾಗಿ ಅಚ್ಚಾಗಬೇಕಾದರೆ ಚಿತ್ರದಲ್ಲಿ ಅಂಗುಲಕ್ಕೆ ಸುಮಾರು ೩೦೦ ಚುಕ್ಕೆಗಳಿರಬೇಕು. ವಾಟ್ಸಾಪಿನಲ್ಲಿ ಬಂದ ಚಿತ್ರ ಬಹಳ ಸಲ ಕುಗ್ಗಿರುತ್ತದೆ. ಐದು ಚುಕ್ಕಿಯ ರಂಗೋಲಿಯನ್ನು ಅಂಗಳದ ತುಂಬ ಎಳೆದರೆ ಹೇಗೆ ಕಂಡೀತು? ಹಾಗೆಯೇ ಇದೂ. ಇಂಗ್ಲಿಷಿನಲ್ಲಿ ಒತ್ತಕ್ಷರದ ಕಾಟವಿಲ್ಲ. ನಮ್ಮ ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು. ಯಾರೋ ತೆಗೆದ ಚಿತ್ರವನ್ನು ಕೇಳದೆ ಬಳಸುವುದು ತಪ್ಪು ಎಂಬುದೂ ಆ ಪಾಠದಲ್ಲಿ ಸೇರಿತ್ತು.

ಗುಂಡಿ ಒತ್ತುವುದಷ್ಟೇ ವಿದ್ಯೆಯಲ್ಲ, ಕಾರಣ ತಿಳಿಯುವುದು ವಿದ್ಯೆ ಎಂದು ನನಗೆ ಆವತ್ತು ಹೊಳೆಯಿತು.

ಅಳತೆ ತಪ್ಪಿದರೆ ಡಿಸೈನೂ ಕೆಟ್ಟಿತು ಎಂಬುದಕ್ಕೆ ನಮ್ಮ ಹುಬ್ಬಳ್ಳಿಯ ಬೆಂಗೇರಿಯೇ ಸಾಕ್ಷಿ. ೧೯೫೭ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಧ್ವಜ ಚಿಕ್ಕದಿರಲಿ ದೊಡ್ಡದಿರಲಿ, ಉದ್ದ-ಅಗಲ ೩:೨ ಇರಲೇಬೇಕು. ಚಕ್ರಕ್ಕೆ ೨೪ ಅರಗಳು ಸಮಾನ ಅಂತರದಲ್ಲಿ ಕೂಡಬೇಕು. ಬಟ್ಟೆ, ಬಣ್ಣ, ಹೊಲಿಗೆ ಎಲ್ಲಕ್ಕೂ ನಿಯಮವಿದೆ. ಇದನ್ನು ಹೇಳಿದಾಗ ಅತ್ತೆಯವರು, "ಹಂಗಾರ ಇದು ಬರೇ ಚಿತ್ರಾ ಅಲ್ಲ, ಲೆಕ್ಕಾನೂ ಐತಿ" ಎಂದರು.

ಓದುವುದನ್ನೂ ಕಲಿಯಬೇಕು

ಇನ್ನೊಂದು ಪೆಟ್ಟು ಮೊದಲ ಟೆಸ್ಟಿನಲ್ಲಿ ಬಿತ್ತು. ೨೦ಕ್ಕೆ ೭ ಅಂಕ! ಪಿ.ಯು.ಸಿ.ಯಂತೆ ಪುಟಗಟ್ಟಲೆ ಬಾಯಿಪಾಠ ಮಾಡಿದ್ದಳು. ಅವಳ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಓದುವ ಕ್ರಮದ್ದೇ ಒಂದು ಪಾಠವಿದೆ. "ಓದೂದು ಹೆಂಗ ಅಂತನೂ ಕಲಸ್ತಾರೇನು?" ಎಂದು ಇವರು ನಕ್ಕರು. ಆದರೆ ಅದೇ ಅವಳ ಕೈಹಿಡಿಯಿತು.

ಅಲ್ಲಿ ಕಲಿಸಿದ್ದರಲ್ಲಿ ಎರಡು ಸಂಗತಿ ನಮ್ಮ ಮಕ್ಕಳೆಲ್ಲರಿಗೂ ಉಪಯೋಗ. ಒಂದು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಾಪಕ ವಾಲ್ಟರ್ ಪಾಕ್ ರೂಪಿಸಿದ ಟಿಪ್ಪಣಿ ಕ್ರಮ. ಹಾಳೆಯ ಎಡಕ್ಕೆ ಸುಮಾರು ಎರಡೂವರೆ ಅಂಗುಲ ಬಿಟ್ಟು ಗೆರೆ ಎಳೆಯಬೇಕು. ಬಲಗಡೆ ತರಗತಿಯಲ್ಲಿ ಕೇಳಿದ ವಿಷಯ. ಮನೆಗೆ ಬಂದ ಮೇಲೆ ಎಡಗಡೆ ಅದಕ್ಕೆ ತಕ್ಕ ಪ್ರಶ್ನೆ. ಪುಟದ ತಳದಲ್ಲಿ ಎರಡು-ಮೂರು ಸಾಲಿನ ಸಾರಾಂಶ. ಆಮೇಲೆ ಬಲಭಾಗ ಮುಚ್ಚಿ, ಪ್ರಶ್ನೆ ನೋಡಿ ಉತ್ತರ ಹೇಳಬೇಕು.

ಎರಡನೆಯದು, ಓದಿದ್ದನ್ನೇ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಒಳ್ಳೆಯದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ೨೦೦೬ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಕಳೆದ ಮೇಲೆ ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದು. ನಾವು ಸಾರಿನ ಪುಡಿಯ ಅಳತೆಯನ್ನು ದಿನಾ ಪುಸ್ತಕ ನೋಡಿ ಕಲಿತೆವೇ? ಮಾಡಿ ಮಾಡಿ ತಾನೇ ನೆನಪು ನಿಂತಿತು! ಈಗ ರಾತ್ರಿ ನಾನು ರೊಟ್ಟಿ ಬಡಿಯುವಾಗ ಮಗಳ ನೋಟುಪುಸ್ತಕ ಪಕ್ಕದಲ್ಲಿರುತ್ತದೆ. ನಾನು ಎಡಗಡೆಯ ಪ್ರಶ್ನೆ ಓದುತ್ತೇನೆ, ಅವಳು ಉತ್ತರ ಹೇಳುತ್ತಾಳೆ. ಎರಡನೇ ಟೆಸ್ಟಿನಲ್ಲಿ ೧೫ ಬಂತು.

ಫೀಸು ಕಟ್ಟುವ ಮೊದಲು

ನಮ್ಮ ರಾಜ್ಯದಲ್ಲಿ ೨೦೨೧-೨೨ರಲ್ಲಿ ಹೊಸ ಶಿಕ್ಷಣ ನೀತಿ ಜಾರಿಯಾದಾಗ ಪದವಿಯಲ್ಲಿ 'ಡಿಜಿಟಲ್ ಫ್ಲುಯೆನ್ಸಿ' ಎಂಬ ಪಾಠ ಇಟ್ಟಿದ್ದರು. ೨೦೨೪ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪಠ್ಯಕ್ರಮವೂ ಬದಲಾಯಿತು. ಆದ್ದರಿಂದ ಓರಗಿತ್ತಿಯ ಮಗ ಆಗ ಏನು ಓದಿದ ಎಂದು ಕೇಳಿ ಮಕ್ಕಳನ್ನು ಸೇರಿಸಬೇಡಿ. ಈ ವರ್ಷದ ಪಠ್ಯಪಟ್ಟಿ ಕೈಯಲ್ಲಿ ಹಿಡಿದು ಇಷ್ಟು ಕೇಳಿರಿ:

* ಕೈಯಿಂದ ಚಿತ್ರ ಬಿಡಿಸುವುದು, ಅಕ್ಷರ, ಬಣ್ಣ, ಅಳತೆ ಕಲಿಸುತ್ತಾರೆಯೇ, ಇಲ್ಲ ಬರೀ ಸಾಫ್ಟ್‌ವೇರೇ?
* ಕನ್ನಡದಲ್ಲಿ ಯೂನಿಕೋಡ್ ಅಕ್ಷರ ಬಳಸಲು ಕಲಿಸುತ್ತಾರೆಯೇ?
* ಹಿಂದಿನ ವರ್ಷದ ಮಕ್ಕಳ ಕೆಲಸ ತೋರಿಸುತ್ತಾರೆಯೇ?
* ಕೊಡುವ ಪ್ರಮಾಣಪತ್ರ ಯಾರದು? ವಿಶ್ವವಿದ್ಯಾಲಯದ್ದೋ, ಅಂಗಡಿಯವರದ್ದೋ?
* ಮಧ್ಯದಲ್ಲಿ ಬಿಟ್ಟರೆ ಫೀಸು ಎಷ್ಟು ಮರಳುತ್ತದೆ? ಇದನ್ನು ಬರವಣಿಗೆಯಲ್ಲೇ ಪಡೆಯಿರಿ.

ಹಣ ಹಾಕುವ ಮೊದಲು ಪುಕ್ಕಟೆಯಾಗಿ ರುಚಿ ನೋಡಬಹುದು. ಕೇಂದ್ರ ಸರ್ಕಾರದ 'ಸ್ವಯಂ' ೨೦೧೭ರಲ್ಲಿ ಶುರುವಾಯಿತು. ಅಲ್ಲಿ ಪಾಠ ಕೇಳಲು ಹಣವಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕ. ಚಿತ್ರ ಮಾಡಲು ಇಂಕ್‌ಸ್ಕೇಪ್, ಗಿಂಪ್ ಎಂಬ ಸಾಫ್ಟ್‌ವೇರುಗಳೂ ಪುಕ್ಕಟೆ.

ಸಂಕ್ರಾಂತಿಗೆ ಮಂಡಳದವರು ಮತ್ತೆ ಅವಳಿಗೇ ಪತ್ರಿಕೆ ಒಪ್ಪಿಸಿದರು. ಈ ಸಲ ಮೊದಲು ಒಂದೇ ಒಂದು ಪ್ರತಿ ಅಚ್ಚು ಹಾಕಿಸಿ, ತಿದ್ದಿ, ಆಮೇಲೆ ಉಳಿದದ್ದನ್ನು ಮಾಡಿಸಿದಳು. ಮಂಡಳದವರು ೫೦೦ ರೂಪಾಯಿ ಕೊಟ್ಟರು. ಅದರಿಂದ ಹೊಟ್ಟೆ ತುಂಬುತ್ತದೆ ಎಂದು ನಾನು ಹೇಳಲಾರೆ, ಓದು ಮುಗಿಯಲು ಇನ್ನೂ ವರ್ಷಗಳಿವೆ. ಆದರೆ ಕಣ್ಣಿನ ಪೊರೆ ತೆಗೆಸಿಕೊಂಡಿರುವ ಅತ್ತೆಯವರು ಪತ್ರಿಕೆಯನ್ನು ಬೆಳಕಿಗೆ ಹಿಡಿದು, ಚಾಳೀಸು ಹುಡುಕದೆ ಪೂರ್ತಿ ಓದಿದರು.

"ಅಕ್ಷರ ಚಂದ ಬಿಡಿಸೀದಿ, ತಂಗಿ. ನನಗ ಓದಾಕ ಬಂತು" ಎಂದರು.