ಎಲ್ಲ ಹೊಟ್ಟೂ ಒಣಚರ್ಮವಲ್ಲ

ಪುಣೆ, ದೆಹಲಿಯ ಚಳಿಗೆ ನೆತ್ತಿ, ಹುಬ್ಬು, ಮೂಗಿನ ಪಕ್ಕ ಹೊಟ್ಟು ಎದ್ದರೆ ‘ಒಣಗಿದೆ’ ಎಂದು ಊರಿನ ಅಭ್ಯಾಸದಂತೆ ಕೊಬ್ಬರಿ ಎಣ್ಣೆ ಹಚ್ಚುತ್ತೀರಿ ಅಲ್ಲವೇ? ಹೊಟ್ಟು ಜಿಡ್ಡಾಗಿ ಹಳದಿಯಿದ್ದು, ಕೆಳಗೆ ಚರ್ಮ ಕೆಂಪಾಗಿದ್ದರೆ ಅದು ಸೆಬೊರಿಕ್ ಡರ್ಮಟೈಟಿಸ್ ಇರಬಹುದು. ನಮ್ಮೆಲ್ಲರ ಚರ್ಮದ ಮೇಲಿರುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಅದಕ್ಕೆ ಹಬ್ಬ!

ನೆತ್ತಿಗೆ 2% ಕೀಟೋಕೊನಜೋಲ್ ಶಾಂಪೂ ಹಚ್ಚಿ 5 ನಿಮಿಷ ಬಿಟ್ಟು ತೊಳೆಯಿರಿ. ವಾರಕ್ಕೆ 2 ಸಲ, 4 ವಾರ. ಇದು ಅಂಟುರೋಗವಲ್ಲ, ಆದರೆ ಮರಳಿ ಬರುತ್ತಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಮಿಶ್ರಿತ ಕ್ರೀಮನ್ನು ಮಾತ್ರ ಮುಖಕ್ಕೆ ಹಚ್ಚಬೇಡಿ. ಬೇಗ ವಾಸಿಯಾದಂತೆ ಕಾಣುತ್ತದೆ, ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ. ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಕೈಕಾಲು ಬಿಳಿಚಿ, ಉಗುರಿನಿಂದ ಗೀರಿದರೆ ಗೆರೆ ಮೂಡುವುದು ನಿಜವಾದ ಒಣಚರ್ಮ. ಸುಡುನೀರಿನ ಸ್ನಾನ ಬಿಡಿ. ಮೈ ಪೂರ್ತಿ ಆರುವ ಮುನ್ನ ಮಾಯಿಶ್ಚರೈಸರ್ ಹಚ್ಚಿ. ಕೊಬ್ಬರಿ ಎಣ್ಣೆಯೂ ಅಲ್ಲಿಗೆ ಸರಿ.