ಮೊದಲು ಗಾಳಿ, ಆಮೇಲೆ ಇಂಜಿನ್

ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಾಗ ಒಳಗಿನ ಕಾಗದದ ಮಡಿಕೆಗಳೇ ಕಾಣಲಿಲ್ಲ. ಅವುಗಳ ನಡುವೆ ಬೂದು ಬಣ್ಣದ ಹುಡಿ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಹೆಂಟೆ ಹೆಂಟೆಯಾಗಿ ಉದುರಿತು. ಎರೆಹೊಲದ ಧೂಳು, ಪರ್ಸಿ ಕಲ್ಲಿನ ಪುಡಿ, ಸಿಮೆಂಟ್ ಲಾರಿಗಳು ದಾರಿಯುದ್ದಕ್ಕೂ ಚೆಲ್ಲಿಹೋದದ್ದು ಎಲ್ಲವೂ ಅದರಲ್ಲಿತ್ತು. ಸೇಡಂನ ಗ್ಯಾರೇಜಿನ ಉಸ್ತಾದರು ಫಿಲ್ಟರನ್ನು ಅಂಗಳದ ಕಲ್ಲಿಗೆ ಬಡಿದು ತೋರಿಸಿದರು. "ಇದಕ್ಕ ಉಸಿರಾಡ್ಲಿಕ್ಕೇ ಗಾಳಿ ಇಲ್ಲ ಗೌಡ್ರ, ಪವರ್ ಎಲ್ಲಿಂದ ಬರಬೇಕು?"

ಕಾರು ಕಲಬುರಗಿ ಸೀಮೆಯ ತೆಂಗಳಿ ಊರಿನದು. ತೊಗರಿ ಬೆಳೆಯುವ ಮನೆತನದ ತರುಣರೊಬ್ಬರು ಸೆಕೆಂಡ್ ಹ್ಯಾಂಡ್ ಕೊಂಡ, 1990ರ ದಶಕದ ಕಾರ್ಬ್ಯುರೇಟರ್ ಮಾದರಿಯ ಮಾರುತಿ ಎಸ್ಟೀಮ್. ಅವರ ಆಸೆ ಸರಳ: ಇದಕ್ಕೆ ಇನ್ನಷ್ಟು ಶಕ್ತಿ ಬೇಕು, ಯಾವ ದಾರಿ ಹಿಡಿಯಬೇಕು? ಕೇಳುತ್ತಾ ಹೊರಟವರ ಜೊತೆ ನಾನೂ ಹೊರಟೆ. ತೆಂಗಳಿಯಿಂದ ಸೇಡಂ, ಅಲ್ಲಿಂದ ಶಹಾಬಾದ್, ಕೊನೆಗೆ ವಾಡಿ.

ಎಸ್ಟೀಮನ್ನು ಸ್ಪೋರ್ಟ್ಸ್ ಕಾರು ಎಂದು ಕರೆದರೆ ಮೂಗು ಮುರಿಯುವವರು ಇರಬಹುದು. ನಮ್ಮ ನಾಡಿನ ಕಂಪನಿಯೊಂದು ಮಾಡಿದ ನಿಜವಾದ ಸ್ಪೋರ್ಟ್ಸ್ ಕಾರು ಎಂದರೆ ಸ್ಯಾನ್ ಸ್ಟಾರ್ಮ್. ರೈಲಿನ ಶಂಟಿಂಗ್ ಇಂಜಿನ್ ತಯಾರಿಸುವ ಬೆಂಗಳೂರಿನ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಗೆ ಗೋವಾದಲ್ಲಿ ಕಟ್ಟಿದ, ಎರಡೇ ಸೀಟಿನ, ಫೈಬರ್ ಮೈಯ ಕಾರು. ಅದಕ್ಕಿದ್ದ 1149 ಸಿ.ಸಿ.ಯ ರೆನೊ ಇಂಜಿನ್ನಿನ ಶಕ್ತಿ 60 ಅಶ್ವಶಕ್ತಿಯ ಆಸುಪಾಸು. 1994ರಲ್ಲಿ ಬಂದ ಎಸ್ಟೀಮಿನ 1298 ಸಿ.ಸಿ. ಇಂಜಿನ್ನಿಗೆ 65 ಇತ್ತು, 1999ರ ಸುಮಾರಿಗೆ 16 ವಾಲ್ವ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲಿನ ಫ್ಯೂಯೆಲ್ ಇಂಜೆಕ್ಷನ್) ಬಂದ ಮೇಲೆ 85 ಆಯಿತು. ಹಗುರವಾದ ಮೈ, ಗಟ್ಟಿ ಇಂಜಿನ್. ದೇಶದ ರ್‍ಯಾಲಿಗಳಲ್ಲಿ ಈ ಕಾರು ವರ್ಷಗಟ್ಟಲೆ ಓಡಿದ್ದು ಸುಮ್ಮನೆ ಅಲ್ಲ. ಆ ತರುಣರ ಪ್ರೀತಿಗೆ ಕಾರಣವಿದೆ ಎಂದೇ ನನಗೆ ಅನಿಸಿತು.

ಸೇಡಂನ ಗ್ಯಾರೇಜಿನಲ್ಲಿ ಉಸ್ತಾದರು ಯಾವ ಹೊಸ ಸಾಮಾನಿನ ಮಾತನ್ನೂ ಮೊದಲು ಎತ್ತಲಿಲ್ಲ. ನಾಲ್ಕೂ ಪ್ಲಗ್ ಕಳಚಿ, ಒಂದೊಂದೇ ತೂತಿಗೆ ಕಂಪ್ರೆಷನ್ ಗೇಜ್ ಸಿಕ್ಕಿಸಿದರು. ಗ್ಯಾರೇಜಿನ ಹುಡುಗ ಕಾರಿನೊಳಗೆ ಕೂತು ಆಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದ. ಈ ಇಂಜಿನ್ ಹೊಸದರಲ್ಲಿ ಸುಮಾರು 14 ಕೆಜಿ ಒತ್ತಡ ತೋರಿಸುತ್ತದೆ, 12ಕ್ಕಿಂತ ಕೆಳಗಿಳಿದರೆ ರಿಪೇರಿಗೆ ಬಂದಿದೆ ಎಂದರ್ಥ. ಮೂರು ಸಿಲಿಂಡರುಗಳಲ್ಲಿ ಮುಳ್ಳು 12ರ ಹತ್ತಿರ ನಿಂತಿತು. ಮೂರನೇ ನಂಬರಿನ ಸಿಲಿಂಡರಿನಲ್ಲಿ ಮಾತ್ರ 9 ದಾಟಲಿಲ್ಲ. ಉಸ್ತಾದರು ಆ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಸುರಿದು ಮತ್ತೆ ಸೆಲ್ಫ್ ಹೊಡೆಸಿದರು. ಮುಳ್ಳು ಸರ್ರನೆ 12ಕ್ಕೆ ಏರಿತು.

"ರಿಂಗ್ ಹೋಗ್ಯಾವ್ರಿ," ಎಂದರು. ರಿಂಗ್ ಸವೆದಿದ್ದರೆ ಎಣ್ಣೆ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಒತ್ತಡ ಏರುತ್ತದೆ. ಎಣ್ಣೆ ಹಾಕಿಯೂ ಏರದಿದ್ದರೆ ದೋಷ ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದೆ. ಒಂದು ಚಮಚ ಎಣ್ಣೆಯಲ್ಲಿ ಮುಗಿಯುವ ಈ ಪರೀಕ್ಷೆಯನ್ನು, ಸಾವಿರಾರು ರೂಪಾಯಿ ಸುರಿಯಲು ಹೊರಟವರು ಎಲ್ಲರೂ ಮೊದಲು ಮಾಡಿಸಲೇಬೇಕು. 65 ಅಶ್ವಶಕ್ತಿಯ ಇಂಜಿನ್ ಸವೆದು 50ಕ್ಕೆ ಇಳಿದಿರುವಾಗ ಅದರ ಮೇಲೆ ಹೊಸ ಸೈಲೆನ್ಸರ್, ಹೊಸ ಕ್ಯಾಮ್ ಹೇರಿದರೆ ಬರುವುದು ಸದ್ದು ಮಾತ್ರ.

ತರುಣರ ಮನಸ್ಸಿನಲ್ಲಿ ಮೊದಲಿಗೆ ಇದ್ದದ್ದು ಕೋನ್ ಫಿಲ್ಟರ್. ಡಬ್ಬಿ ತೆಗೆದು ಬಾನೆಟ್ ಒಳಗೇ ಬಯಲಾಗಿ ನಿಲ್ಲಿಸುವ, ಅಗ್ಗವಾದ, ಜೋರಾಗಿ ಗಾಳಿ ಎಳೆಯುವ ಸದ್ದು ಮಾಡುವ ಫಿಲ್ಟರ್. ನಮ್ಮ ಸೀಮೆಯಲ್ಲಿ ಅದು ಬೇಡವೇ ಬೇಡ. ಜಾಳಿ ದೊಡ್ಡದಾದಷ್ಟೂ ಸಣ್ಣ ಹುಡಿ ಒಳಗೆ ಹೋಗುತ್ತದೆ, ಎಣ್ಣೆಯ ಜೊತೆ ಬೆರೆತು ರಿಂಗು, ಬೋರುಗಳನ್ನು ಉಜ್ಜುತ್ತದೆ. ಬಿಸಿಯ ಲೆಕ್ಕ ಬೇರೆ. 42 ಡಿಗ್ರಿಯ ಮೇ ಮಧ್ಯಾಹ್ನ, 18 ಡಿಗ್ರಿಯ ಜನವರಿ ಬೆಳಗಿಗಿಂತ ಅಷ್ಟೇ ಜಾಗದಲ್ಲಿ ಶೇ 7-8ರಷ್ಟು ಕಡಿಮೆ ಗಾಳಿ ಇರುತ್ತದೆ. 65 ಅಶ್ವಶಕ್ತಿಯಲ್ಲಿ ಐದರಷ್ಟು ಬಿಸಿಲಿಗೇ ಹೋಯಿತು. ಕೋನ್ ಫಿಲ್ಟರ್ ಎಳೆಯುವುದು ಹೊರಗಿನ ಗಾಳಿಯನ್ನಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಕಾದ ಬಾನೆಟ್ ಒಳಗಿನ ಗಾಳಿಯನ್ನು. ಕಂಪನಿಯ ಡಬ್ಬಿ, ಹೊಸ ಕಾಗದದ ಫಿಲ್ಟರ್, ಹೊರಗಿನ ಗಾಳಿ ಎಳೆಯುವ ಕೊಳವೆ: ಇವು ಮೂರೂ ಸರಿಯಾಗಿದ್ದರೆ ಕಡಿಮೆ ಖರ್ಚಿನಲ್ಲಿ ಸಿಗಬೇಕಾದ್ದು ಸಿಕ್ಕಂತೆ. ಧೂಳಿನ ದಾರಿಯಲ್ಲಿ ದಿನಾ ಓಡುವವರು ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಕಾಯದೆ ಫಿಲ್ಟರ್ ಬದಲಿಸಬೇಕು.

ರೇಡಿಯೇಟರ್ ಮುಚ್ಚಳದ ಕೆಳಗೆ ಇನ್ನೊಂದು ಸ್ಥಳೀಯ ಕಥೆ. ಕಂಠದ ಸುತ್ತ ಬಿಳಿ ಚಿಪ್ಪು ಕಟ್ಟಿತ್ತು. ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಸುರಿದರೆ ಒಳಗಿನ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಶಕ್ತಿ ಹೆಚ್ಚಿಸಿದರೆ ಬಿಸಿಯೂ ಹೆಚ್ಚುತ್ತದೆ, ಆಗ ಮೊದಲು ಸೋಲುವುದು ಹೆಡ್ ಗ್ಯಾಸ್ಕೆಟ್. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ ಎಂದು ಉಸ್ತಾದರು ಹೇಳಿದ್ದು ಆ ದಿನದ ಅತ್ಯಂತ ಅಗ್ಗದ ಸಲಹೆ.

ಶಹಾಬಾದಿಗೆ ಹೋದದ್ದು ಲೇತ್ ಕೆಲಸದ ವಿಚಾರಕ್ಕೆ. ಎಸಿಸಿ-ವಿಕರ್ಸ್-ಬ್ಯಾಬ್‌ಕಾಕ್ ಕಂಪನಿ ಭಾರಿ ಯಂತ್ರಗಳನ್ನು ತಯಾರಿಸುತ್ತಿದ್ದ ಊರು ಅದು. ಕಬ್ಬಿಣ ಕಡೆಯುವ ಕೈ ಅಲ್ಲಿ ಇನ್ನೂ ಇದೆ. ಲೇತ್ ಮಾಲೀಕರ ಮುಂದೆ ತರುಣರು ಎರಡನೇ ಆಸೆ ಇಟ್ಟರು: ಹೆಡ್ ತಾಸಿಸಿ ಕಂಪ್ರೆಷನ್ ಏರಿಸಿದರೆ? ಹಿರಿಯರು ಮೈಕ್ರೋಮೀಟರ್ ಒರೆಸುತ್ತಲೇ ತಲೆ ಅಲ್ಲಾಡಿಸಿದರು. "ಸಮ ಮಾಡೋದಕ್ಕ ಎಷ್ಟು ಬೇಕೋ ಅಷ್ಟೇ ತಾಸ್ತೀನ್ರಿ. ಅದಕ್ಕಿಂತ ಹೆಚ್ಚ ತಾಸಿದ್ರ ಈ ಬಿಸಲಾಗ ನಾಕಿಂಗ್ ಹೊಡದು ಪಿಸ್ಟನ್ ತಿಂದು ಹಾಕ್ತದ."

ಪೆಟ್ರೋಲಿನ ಮಾತೂ ಬಂತು. ಈಗ ಪಂಪಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಎಥನಾಲ್ ನಾಕಿಂಗ್ ತಡೆಯುತ್ತದೆ, ಅದು ಅದರ ಗುಣ. ಆದರೆ ಲೀಟರಿಗೆ ಸಿಗುವ ಶಕ್ತಿ ಕಡಿಮೆ, ಹಳೆ ಕಾರ್ಬ್ಯುರೇಟರಿನ ಜೆಟ್ ಅಳತೆಗೆ ಮಿಶ್ರಣ ತೆಳುವಾಗುತ್ತದೆ, ಹಳೆ ರಬ್ಬರ್ ಪೈಪುಗಳು ಮೆತ್ತಗಾಗುತ್ತವೆ. ಕಾರ್ಬ್ಯುರೇಟರ್ ಉಳಿಸಿಕೊಳ್ಳುವವರು ಪೆಟ್ರೋಲ್ ಪೈಪುಗಳನ್ನು ಬದಲಿಸಿ, ಮೇನ್ ಜೆಟ್ ಸ್ವಲ್ಪ ದೊಡ್ಡದು ಮಾಡಿಸುವುದು ಒಳ್ಳೆಯದು.

ವಾಡಿಯಲ್ಲಿ ಚಹಾ ಕುಡಿಯುತ್ತಾ ಕೂತಾಗ ನಿಜವಾದ ಆಯ್ಕೆ ಎದುರಿಗೆ ಬಂತು. ಇಂಜಿನ್ನನ್ನೇ ಬದಲಿಸುವುದಾದರೆ ಮಾರುತಿ ಮನೆತನದಲ್ಲೇ ಎರಡು ದಾರಿ. ಒಂದು, ಅದೇ 1298 ಸಿ.ಸಿ.ಯ 85 ಅಶ್ವಶಕ್ತಿಯ ಎಂಪಿಎಫ್‌ಐ ಇಂಜಿನ್. ಇನ್ನೊಂದು, ಹಳೆ ಬಲೆನೊ ಸೆಡಾನಿನ 1590 ಸಿ.ಸಿ.ಯದು, ಶಕ್ತಿ 94. ಬಲೆನೊ ಇಂಜಿನ್ನಿಗೆ ಕೆಳಗಿನ ಗೇರುಗಳಲ್ಲಿ ಎಳೆತ ಚೆನ್ನಾಗಿದೆ, ಕಾರಿನ ಹುಚ್ಚು ಇರುವವರಿಗೆ ಅದೇ ಕನಸು. ನನ್ನ ಮತ ಮಾತ್ರ ಮೊದಲನೆಯದಕ್ಕೆ, ಮುಚ್ಚುಮರೆಯಿಲ್ಲದೆ ಹೇಳಿದೆ. ಸಿ.ಸಿ. ಬದಲಾಗುವುದಿಲ್ಲ. ಅದೇ ಕುಟುಂಬದ ಇಂಜಿನ್ ಜಿಪ್ಸಿಯಲ್ಲಿ 2019ರ ತನಕ ಬಂದದ್ದರಿಂದ ಬಿಡಿಭಾಗಗಳಿಗೆ ಅಲೆಯಬೇಕಿಲ್ಲ. ಬಲೆನೊ ಸೆಡಾನ್ ನಿಂತು ಎಷ್ಟೋ ವರ್ಷವಾಯಿತು. ಯಾವುದನ್ನು ಹಾಕಿದರೂ ಇಂಜಿನ್ ಜೊತೆ ಅದನ್ನು ನಿಯಂತ್ರಿಸುವ ಇಸಿಎಂ, ಪೂರ್ತಿ ವೈರಿಂಗ್, ಟ್ಯಾಂಕಿನೊಳಗಿನ ಕರೆಂಟ್ ಪೆಟ್ರೋಲ್ ಪಂಪು ಒಂದೇ ಕಾರಿನಿಂದ ಬರಬೇಕು. ಗುಜರಿಯಲ್ಲಿ ಬಿಡಿಬಿಡಿಯಾಗಿ ಕೂಡಿಸಿದ ಇಂಜಿನ್ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಕೂರುತ್ತದೆ.

ಕಾಗದಪತ್ರ ಮರೆಯುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊರತಾಗಿ ಗಾಡಿ ಬದಲಿಸುವಂತಿಲ್ಲ, ಇಂಜಿನ್ ಬದಲಿಸಬೇಕಾದರೆ ಮೊದಲು ಆರ್‌ಟಿಒ ಒಪ್ಪಿಗೆ ಬೇಕು. 15 ವರ್ಷ ದಾಟಿದ ಕಾರನ್ನು ನವೀಕರಣಕ್ಕೆ ಕಲಬುರಗಿಗೆ ಒಯ್ದಾಗ ಇಂಜಿನ್ ನಂಬರ್ ತಾಳೆಯಾಗದಿದ್ದರೆ ಕೆಲಸ ನಿಲ್ಲುತ್ತದೆ. ಅಪಘಾತವಾದರೆ ವಿಮೆಯೂ ಕೈಬಿಡಬಹುದು.

ಬ್ರೇಕಿನ ಬಗ್ಗೆ ನಾನು ಹಟ ಹಿಡಿದೆ. ವೇಗ 80ರಿಂದ 100ಕ್ಕೆ ಏರಿದರೆ ನಿಲ್ಲಿಸಲು ಕರಗಿಸಬೇಕಾದ ಶಕ್ತಿ ಒಂದೂವರೆ ಪಟ್ಟು ಆಗುತ್ತದೆ. ಮಳಖೇಡದ ಕಡೆಯ ರಸ್ತೆಯಲ್ಲಿ ಸಿಮೆಂಟ್ ಬಲ್ಕರ್ ಹಿಂದೆ, ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ ಎದುರಿಗೆ ಬರುವಾಗ ಬೇಕಾಗುವುದು ಬ್ರೇಕೇ. ಮುಂದಿನ ಡಿಸ್ಕು, ಪ್ಯಾಡು, ಹಿಂದಿನ ಡ್ರಮ್ಮಿನ ಶೂ, ಬ್ರೇಕ್ ಆಯಿಲ್, ರಬ್ಬರ್ ಹೋಸು, ನಾಲ್ಕು ಹೊಸ ಟೈರು. ಇಂಜಿನ್ನಿಗೆ ಇಟ್ಟ ದುಡ್ಡಿನಲ್ಲಿ ಮೊದಲ ಪಾಲು ಇದಕ್ಕೇ ಹೋಗಬೇಕು.

ತರುಣರು ತಮ್ಮ ಮೊಬೈಲಿನಲ್ಲಿ ಬರೆದುಕೊಂಡರು, ಸೇಡಂಗೆ ಫೋನ್ ಹಚ್ಚಿದರು. "ಚಾಚಾ, ಈಗ ರೇಡಿಯೇಟರ್, ಬ್ರೇಕ್, ಫಿಲ್ಟರ್ ಅಷ್ಟ ಮಾಡ್ರಿ. ರಿಂಗ್ ಕೆಲಸ ಬ್ಯಾಡ. ತೊಗರಿ ರಾಶಿ ಆದ ಮ್ಯಾಲ ಎಂಪಿಎಫ್‌ಐ ಇಂಜಿನ್ ಇಡೋಣು. ಆರ್‌ಟಿಒ ಅರ್ಜಿ ನಾನೇ ಹಾಕ್ತೀನಿ." ಆ ಕಡೆಯಿಂದ ಉಸ್ತಾದರು ಕೇಳಿದ್ದು ಒಂದೇ ಪ್ರಶ್ನೆ: ಇಂಜಿನ್ ಬರುವ ಕಾರು ಇಡಿಯಾಗಿ ನೋಡಲು ಸಿಗುತ್ತದೋ, ಇಲ್ಲ ಬಿಚ್ಚಿಟ್ಟ ಮೇಲೋ? ಓಡುವ ಸ್ಥಿತಿಯಲ್ಲಿದ್ದರೆ ಮಾತ್ರ ತಾವೇ ಗೇಜ್ ಹಿಡಿದು ಬರುವುದಾಗಿ ಹೇಳಿದರು.