ಕೆರೆ ಪಕ್ಕದ ಮನೆಗೆ ಅಡ್ವಾನ್ಸ್ ಕೊಡುವ ಮೊದಲು



ಮುಂಬೈ, ಪುಣೆಯಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಕನ್ನಡಿಗರು ಐವತ್ತೈದು ದಾಟಿದ ಮೇಲೆ ನನ್ನಲ್ಲಿ ಕೇಳುವ ಒಂದು ಪ್ರಶ್ನೆ ಇದೆ. "ಡಾಕ್ಟ್ರೇ, ಈ ಗಲಾಟೆ ಸಾಕಾಯ್ತು. ಲೋಣಾವಳಾದಲ್ಲಿ ಮನೆ ನೋಡಿದ್ದೀವಿ, ಹೋಗಬಹುದಾ?"

ಖಂಡಿತ ಹೋಗಬಹುದು. ಪುಣೆಗೆ 65 ಕಿ.ಮೀ., ಮುಂಬೈಗೆ 85ರ ಆಸುಪಾಸು. ಬೆಳಿಗ್ಗೆ ತುಂಗಾರ್ಲಿ ಕೆರೆ ಕಡೆ ವಾಕಿಂಗ್, ರಾತ್ರಿ ಹಾರ್ನ್ ಇಲ್ಲದ ನಿದ್ದೆ. ಎತ್ತರ 600 ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟರಿಂದ ಹೃದಯಕ್ಕೆ ತೊಂದರೆಯಿಲ್ಲ. ರಸ್ತೆಯ ಸದ್ದು ಸರಾಸರಿ 53 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ನಮ್ಮ ದಾದರ್, ಸಾಯನ್ ಮನೆಗಳಲ್ಲಿ ಅದು ಕನಸಿನ ಮಾತು. ನಿಮಗೆ ಎಚ್ಚರವಾಗದಿದ್ದರೂ ರಾತ್ರಿಯ ಸದ್ದಿಗೆ ಬಿಪಿ ಏರುತ್ತದೆ. (ಆದರೆ ಅಲ್ಲಿಂದ ದಿನಾ ಮುಂಬೈ ಆಫೀಸಿಗೆ ಓಡಾಡಿ ಐದೇ ಗಂಟೆ ಮಲಗುವುದಾದರೆ, ದಾದರ್‌ನಲ್ಲೇ ಇರಿ.)

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ.

ಹೀಗೆ ಕೇಳಿದವರೊಬ್ಬರಿಗೆ "ಹೋಗಿ, ಬಿಪಿ ಇಳಿಯುತ್ತೆ" ಎಂದಿದ್ದೆ. ಕೆರೆ ಎಷ್ಟು ದೂರ ಎಂದೆಲ್ಲ ವಿಚಾರಿಸಿದೆ. ರಾತ್ರಿ ಮೂರು ಗಂಟೆಗೆ ಎದೆ ನೋವು ಬಂದರೆ ಎಲ್ಲಿಗೆ ಹೋಗ್ತೀರಿ ಎಂದು ಮಾತ್ರ ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅದೇ ಆಯಿತು. ಎದೆ ಉರಿ, ಬೆವರು. ಸಂಜೆ ತಿಂದ ವಡಾಪಾವ್ ಇರಬೇಕು ಎಂದು ಈನೋ ಕುಡಿದರು. ಹೆಂಡತಿ ಹತ್ತಿರದ ಆಸ್ಪತ್ರೆಗೆ ಹೋಗೋಣ ಎಂದರೆ, "ನಮ್ಮ ಡಾಕ್ಟ್ರು ಮುಂಬೈಯಲ್ಲಿದ್ದಾರಲ್ಲ" ಎಂದು ಬೆಳಗಿನ ರೈಲಿಗೆ ಕಾದರು. ಆ ರೈಲು ಖಂಡಾಲಾದಿಂದ ಕರ್ಜತ್‌ವರೆಗೆ ಘಾಟಿಯ ಸುರಂಗಗಳಲ್ಲಿ ಇಳಿಯುತ್ತದೆ. ಅಲ್ಲಿ ಏನಾದರೂ ಆದರೆ ಕೈಗೆ ಏನೂ ಸಿಗುವುದಿಲ್ಲ. ನನ್ನ ಮುಂದೆ ಬಂದಾಗ ಗಂಟೆ ಹನ್ನೊಂದು. ಆ್ಯಂಜಿಯೋಪ್ಲಾಸ್ಟಿ ಮಾಡಿದೆವು, ಜೀವ ಉಳಿಯಿತು. ಆದರೆ 55ರ ಮೇಲಿರಬೇಕಾದ ಹೃದಯದ ಪಂಪಿಂಗ್ 35ಕ್ಕೆ ನಿಂತಿತು.

ರಕ್ತನಾಳ ಮುಚ್ಚಿದ ಅರ್ಧ ಗಂಟೆಯೊಳಗೇ ಹೃದಯದ ಸ್ನಾಯು ಸಾಯಲು ಶುರುವಾಗುತ್ತದೆ. ಆ್ಯಂಜಿಯೋಪ್ಲಾಸ್ಟಿಗೆ 120 ನಿಮಿಷದೊಳಗೆ ತಲುಪಲಾಗದಿದ್ದರೆ, ಸೂಕ್ತ ರೋಗಿಗೆ ಸಿಕ್ಕ ಆಸ್ಪತ್ರೆಯಲ್ಲೇ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ದೊಡ್ಡ ಊರಿಗೆ ಕಳಿಸುವುದು ವೈದ್ಯಕೀಯ ನಿಯಮ. ಮೊದಲ ಎರಡು ಮೂರು ಗಂಟೆಯಲ್ಲಿ ಅದರ ಫಲ ತುಂಬಾ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ, ವೀಕೆಂಡ್ ಟ್ರಾಫಿಕ್‌ನಲ್ಲಿ ಆ ಘಾಟಿ ಎರಡು ಗಂಟೆಯಲ್ಲಿ ದಾಟುತ್ತೀರೆಂದು ಯಾರು ಗ್ಯಾರಂಟಿ ಕೊಡುತ್ತಾರೆ?

ಹಾಗಾಗಿ ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಅಲ್ಲಿನ ಆಸ್ಪತ್ರೆಗೆ ಒಂದು ಫೋನ್ ಮಾಡಿ. ರಾತ್ರಿ ಡಾಕ್ಟರ್ ಇರುತ್ತಾರಾ? ಹೋದ ಹತ್ತು ನಿಮಿಷದಲ್ಲಿ ಇಸಿಜಿ ಆಗುತ್ತಾ? ಆ ಇಂಜೆಕ್ಷನ್ ಸ್ಟಾಕ್ ಇದೆಯಾ? ಕಟ್ಟಡ ಚಿಕ್ಕದಾದರೂ ಈ ಮೂರಕ್ಕೆ ಹೌದು ಅಂದರೆ ನನಗೆ ಅದು ಒಳ್ಳೆಯ ಆಸ್ಪತ್ರೆ.

ನೋವು ಬಂದರೆ ನೀವೇ ಕಾರು ಓಡಿಸಬೇಡಿ, 108ಕ್ಕೆ ಕರೆ ಮಾಡಿ. ಆ್ಯಸ್ಪಿರಿನ್ ಅಲರ್ಜಿ, ಹೊಟ್ಟೆಯ ರಕ್ತಸ್ರಾವ ಇಲ್ಲದವರು 300 ಮಿ.ಗ್ರಾಂ. ಅಗಿದು ನುಂಗಬಹುದು. ಇದನ್ನು ನಿಮ್ಮ ಡಾಕ್ಟರ ಹತ್ತಿರ ಇವತ್ತೇ ಕೇಳಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಎಷ್ಟೋ ಸಲ ನೋವೇ ಇರುವುದಿಲ್ಲ. ಏದುಸಿರು, ವಿಪರೀತ ಸುಸ್ತು, ಅಷ್ಟೇ.

ಆ ನನ್ನ ರೋಗಿ ಲೋಣಾವಳಾ ಬಿಟ್ಟು ಬಂದಿಲ್ಲ. ಕೆರೆಯ ಸುತ್ತು ಈಗ ಅರ್ಧಕ್ಕೆ ನಿಲ್ಲಿಸುತ್ತಾರೆ, ಏದುಸಿರು ಬರುತ್ತದೆ. ಅವರ ಫ್ರಿಜ್ ಬಾಗಿಲ ಮೇಲೆ ಹತ್ತಿರದ ಆಸ್ಪತ್ರೆಯ ನಂಬರ್ ದೊಡ್ಡದಾಗಿ ಬರೆದಿದೆ. ನನ್ನ ನಂಬರ್ ಅದರ ಕೆಳಗೆ.